ಗ್ರಾಮಸಭೆಯಲ್ಲಿ ಜನರ ಅಹವಾಲು: ಚಿಕ್ಕೋಡಿ ಸೀಮೆ

ಸಾಮಾನ್ಯ ಮತದಾರರು ಅಧಿಕಾರಿಗಳ ಎದುರು ಎದ್ದು ನಿಂತು ಪ್ರಶ್ನೆ ಕೇಳಲು ಕಾನೂನೇ ಒದಗಿಸಿರುವ ವೇದಿಕೆ ಗ್ರಾಮಸಭೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹಳ್ಳಿಗಳಲ್ಲೂ ಇದಕ್ಕೆ ಆಧಾರ ಸಂವಿಧಾನದ 73ನೇ ತಿದ್ದುಪಡಿ ಮತ್ತು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ ನಡೆದಿರಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಬಂದರೆ ಕೋರಂ ಆಯಿತು. ಪಟ್ಟಣದವರಿಗೆ ಇಷ್ಟು ನೇರವಾದ ಅವಕಾಶವಿಲ್ಲ. ನಗರಸಭೆ, ಪುರಸಭೆಗಳ ಸಾಮಾನ್ಯ ಸಭೆಯಲ್ಲಿ ಚರ್ಚಿಸುವವರು ಚುನಾಯಿತ ಸದಸ್ಯರು. ಆದರೆ ಮೈಕು ಕೈಗೆ ಸಿಕ್ಕಿದ ಮಾತ್ರಕ್ಕೆ ಹಕ್ಕು ದಕ್ಕಿತೆನ್ನಲಾಗದು. ಆಡಿದ ಮಾತು ನಡಾವಳಿ ಪುಸ್ತಕಕ್ಕೆ ಏರಿ, ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಬಂದಾಗಲೇ ಆ ಹಕ್ಕಿಗೆ ಬೆಲೆ.

ಇದರ ಮಹತ್ವ 2019ರ ಆಗಸ್ಟ್ ಪ್ರವಾಹದ ನಂತರ ಈ ಭಾಗಕ್ಕೆ ಚೆನ್ನಾಗಿ ಅರಿವಾಗಬೇಕಿತ್ತು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ‘ಎ’ಗೆ 5 ಲಕ್ಷ ರೂಪಾಯಿ, ‘ಸಿ’ಗೆ 50,000. ಸಮೀಕ್ಷೆ ಮಾಡುವವರ ಕೈಯಲ್ಲಿ ಒಂದು ಅಕ್ಷರ ಬದಲಾದರೆ ಒಂದು ಕುಟುಂಬದ ಪಾಲಿಗೆ ಲಕ್ಷಗಳು ಬದಲಾಗುತ್ತವೆ. ಯಾರ ಗೋಡೆ ಎಷ್ಟು ಕುಸಿದಿದೆ ಎಂಬುದು ಓಣಿಯವರಿಗೆ ಗೊತ್ತು. ಇಂಥ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದುವುದಕ್ಕಿಂತ ಅಗ್ಗದ ತಪಾಸಣೆ ಬೇರೊಂದಿಲ್ಲ. ತಿಮೋತಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ 2005ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಅಧ್ಯಯನವೂ ಇದನ್ನೇ ಬೆಂಬಲಿಸುತ್ತದೆ: ಗ್ರಾಮಸಭೆ ನಡೆದ ಹಳ್ಳಿಗಳಲ್ಲಿ ಬಿಪಿಎಲ್ ಕಾರ್ಡು ಭೂಹೀನರಿಗೆ, ಅನಕ್ಷರಸ್ಥರಿಗೆ ತಲುಪಿದ್ದು ಹೆಚ್ಚು.

ಗ್ರಾಮಸಭೆಯೆಂದರೆ ಗದ್ದಲ, ಹಳೇ ಹಗೆ ತೀರಿಸಿಕೊಳ್ಳುವ ಜಾಗ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಕಳೆದ ಸಲ ಹೇಳಿದ ಚರಂಡಿಯ ಸುದ್ದಿಗೆ ಉತ್ತರವೇ ಬಾರದಿದ್ದರೆ ಈ ಸಲ ದನಿ ಏರುವುದು ಸಹಜ. ಹಿಂದಿನ ಠರಾವುಗಳ ಮೇಲೆ ಏನು ಕ್ರಮವಾಯಿತೆಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೊದಲೇ ಓದಿದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ಕಾರ್ಖಾನೆಯಂಥ ಯೋಜನೆಗಳಿಗೆ ಅನುಮತಿ ಕೊಡುವ ಮುನ್ನ ನಡೆಯುವ ಪರಿಸರ ಸಾರ್ವಜನಿಕ ಆಲಿಕೆಯಲ್ಲಿ ಈ ಶಿಸ್ತು ಆಗಲೇ ಇದೆ. 2006ರ ಕೇಂದ್ರ ಅಧಿಸೂಚನೆಯಂತೆ ಅಲ್ಲಿ 30 ದಿನ ಮೊದಲೇ ಪ್ರಕಟಣೆ ಕೊಡಬೇಕು, ಕಲಾಪವನ್ನು ವಿಡಿಯೊ ಮಾಡಬೇಕು, ನಡಾವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಬರೆದು ಸಭೆಗೇ ಓದಿ ಹೇಳಬೇಕು. ಕಾರ್ಖಾನೆಯ ವಿಷಯಕ್ಕೆ ಸಲ್ಲುವ ಎಚ್ಚರ ಮನೆ ಪರಿಹಾರದ ಪಟ್ಟಿಗೇಕೆ ಬೇಡ?

ಭಾಷೆಯ ಪ್ರಶ್ನೆ ಇಲ್ಲಿ ಇನ್ನೂ ಸೂಕ್ಷ್ಮ. ಗಡಿಯ ಹಲವು ಊರುಗಳಲ್ಲಿ ಮನೆಮಾತು ಮರಾಠಿ. ಆಡಳಿತ ಭಾಷೆ 1963ರ ಅಧಿನಿಯಮದಂತೆ ಕನ್ನಡ. ಮರಾಠಿಯಲ್ಲಿ ಅಹವಾಲು ಕೇಳಿದರೆ ಕನ್ನಡಕ್ಕೆ ಕುಂದು ಎಂಬ ಅಳುಕಿಗೆ ಸಂವಿಧಾನದ 350ನೇ ವಿಧಿಯಲ್ಲೇ ಉತ್ತರವಿದೆ: ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಬಹುದು. ಬಾಯಿಮಾತಿಗೂ ಅದೇ ಔದಾರ್ಯ ತೋರಿ, ದಾಖಲೆಯನ್ನು ಕನ್ನಡದಲ್ಲಿ ಬರೆದು, ಓದುವಾಗ ಮರಾಠಿಯಲ್ಲೂ ತಿಳಿಸಿದರೆ ಆಡಳಿತ ಭಾಷೆಗೆ ಊನವೇನಿಲ್ಲ. ಹೇಗೂ ನಡಾವಳಿ ಬರೆಯುವ ಸಿಬ್ಬಂದಿಗೆ ಈ ಸೀಮೆಯಲ್ಲಿ ಎರಡೂ ಮಾತು ತಿಳಿದಿರುವುದೇ ಹೆಚ್ಚು.