ಧ್ವಜದ ಬಟ್ಟೆಯ ಹಿಂದಿನ ಕೈಗಳು

ಆಗಸ್ಟ್ ಬಂತೆಂದರೆ ದೆಹಲಿ, ನೋಯ್ಡಾ, ಗುರುಗ್ರಾಮದ ಸಿಗ್ನಲ್‌ಗಳಲ್ಲೆಲ್ಲ ತ್ರಿವರ್ಣ ಧ್ವಜಗಳ ಮಾರಾಟ. ಆದರೆ ಸರ್ಕಾರಿ ಕಟ್ಟಡಗಳ ಮೇಲೆ ಹಾರುವ ಖಾದಿ ಧ್ವಜಕ್ಕೂ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೂ ಇರುವ ನಂಟು ಇಲ್ಲಿನ ಅನೇಕ ಕನ್ನಡಿಗರಿಗೆ ತಿಳಿದಿಲ್ಲ.

ಧಾರವಾಡದ ಬಳಿಯ ಗರಗ ಗ್ರಾಮ ಬಹುಕಾಲದಿಂದ ಧ್ವಜದ ಖಾದಿಗೆ ಹೆಸರಾಗಿದೆ. 1957ರ ನವೆಂಬರ್ 1ರಂದು ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿತು. 2006ರ ಹೊತ್ತಿಗೆ ಬೆಂಗೇರಿಯಲ್ಲಿರುವ ಅದರ ಧ್ವಜ ಘಟಕಕ್ಕೆ ಬಿಐಎಸ್ ಮಾನ್ಯತೆ ಸಿಕ್ಕಿತು. ಬಟ್ಟೆ ಬರುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ.

ಹಂಜಿಯಿಂದ ನೂಲು ತೆಗೆಯುವುದು, ಮಗ್ಗದಲ್ಲಿ ನೇಯುವುದು, ಬಣ್ಣ ಹಾಕುವುದು, 24 ಗೆರೆಗಳ ಚಕ್ರ ಮುದ್ರಿಸುವುದು, ಹೊಲಿಯುವುದು, ಹಗ್ಗ ಕಟ್ಟುವುದು: ಕೆಲಸ ಇಷ್ಟು ಹಂತಗಳಲ್ಲಿ ಸಾಗುತ್ತದೆ. ಹಾರಾಡುವ ಭಾಗಕ್ಕೆ ಒಂದು ಬಗೆಯ ಬಟ್ಟೆ, ಹಗ್ಗ ಹಾಯುವ ಅಂಚಿಗೆ ಇನ್ನೊಂದು ದಪ್ಪ ಬಟ್ಟೆ. ಎಳೆಗಳ ಎಣಿಕೆ, ಬಲ, ಬಣ್ಣ ಎಲ್ಲಕ್ಕೂ ಐಎಸ್ 1 ಎಂಬ ಮಾನದಂಡವಿದೆ. 6×4 ಅಂಗುಲದಿಂದ 21×14 ಅಡಿಯವರೆಗೆ ಒಂಬತ್ತು ಅಳತೆಗಳು. ಪರೀಕ್ಷೆಯಲ್ಲಿ ಸೋತ ಬಟ್ಟೆ ಧ್ವಜವಾಗುವುದಿಲ್ಲ. ಈ ಕೆಲಸಗಾರರಲ್ಲಿ ಬಹುಪಾಲು ಹೆಣ್ಣುಮಕ್ಕಳು.

ಇಲ್ಲಿ ಸಂಬಳ ತಿಂಗಳ ಲೆಕ್ಕದ್ದಲ್ಲ. ನೂಲುವವರಿಗೆ ಲಡಿಯ ಲೆಕ್ಕ, ಅಂದರೆ 1000 ಮೀಟರ್ ನೂಲಿಗೆ ಇಷ್ಟು ಎಂದು. ನೇಯುವವರಿಗೆ ಮೀಟರಿನ ಲೆಕ್ಕ. ಜ್ವರ ಬಂದ ದಿನ ಲಡಿ ಇಲ್ಲ, ಲಡಿ ಇಲ್ಲದ ದಿನ ಕೂಲಿ ಇಲ್ಲ. ಜೊತೆಗೆ, ಧ್ವಜಕ್ಕೆ ಬೇಡಿಕೆ ಹೆಚ್ಚುವುದು ಜನವರಿ, ಆಗಸ್ಟ್‌ಗಳಲ್ಲಿ. ಉಳಿದ ತಿಂಗಳು ಸಂಘ ಕೂಲಿ ಕೊಟ್ಟು ಬಟ್ಟೆ ದಾಸ್ತಾನು ಮಾಡಬೇಕು. ಧ್ವಜ ಮಾರಾಟವಾದ ಮೇಲಷ್ಟೇ ಆ ಹಣ ಮರಳುತ್ತದೆ.

ಈ ಸರಪಳಿಯನ್ನು ಹಿಡಿದಿಟ್ಟಿದ್ದು ಒಂದೇ ನಿಯಮ: ಧ್ವಜ ಕೈಯಿಂದ ನೂತು, ಕೈಯಿಂದ ನೇಯ್ದದ್ದಾಗಿರಬೇಕು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಸಾಫ್ಟ್‌ವೇರ್ ಕೆಲಸದವಳಾದ ನನಗೆ ಒಂದು ಸಾಲು ಬದಲಾದರೆ ಇಡೀ ವ್ಯವಸ್ಥೆ ಹೇಗೆ ಅಲ್ಲಾಡುತ್ತದೆಂದು ಗೊತ್ತು. ಇಲ್ಲಿ ಅಲ್ಲಾಡಿದ್ದು ಅಡುಗೆಮನೆಯ ಒಲೆ. 2022ರಲ್ಲಿ ಸ್ವಾತಂತ್ರ್ಯದ 75ನೇ ವರ್ಷಕ್ಕೆ ದೊಡ್ಡ ಬೇಡಿಕೆ ನಿರೀಕ್ಷಿಸಿದ್ದ ಹುಬ್ಬಳ್ಳಿಯ ಖಾದಿ ಸಂಘದವರು ಪ್ರತಿಭಟನೆಗೆ ಇಳಿಯಬೇಕಾಯಿತು.

ಅಗ್ಗದ ಧ್ವಜದಿಂದ ಮನೆಮನೆಗೂ ತಿರಂಗಾ ತಲುಪಿತು ಎಂಬುದೂ ನಿಜ. ಆದರೆ ಗಿರಣಿಯ ಬೆಲೆಗೆ ಕೈನೂಲು ಎಂದೂ ಸರಿಸಾಟಿಯಾಗದು. ಖಾದಿ ದುಬಾರಿ ಎನ್ನುತ್ತೇವಲ್ಲ, ಆ ಹೆಚ್ಚಿನ ಬೆಲೆಯ ದೊಡ್ಡ ಪಾಲು ಒಬ್ಬ ಹೆಣ್ಣುಮಗಳ ದಿನದ ದುಡಿಮೆ.

ಗೆಳತಿಯರೇ, ನಿಯಮ ಬದಲಾಗಿದೆ, ನಮ್ಮ ಆಯ್ಕೆ ನಮ್ಮ ಕೈಯಲ್ಲೇ ಇದೆ. ಮುಂದಿನ ಧ್ವಜಾರೋಹಣಕ್ಕೆ ಸಂಘದಲ್ಲಾಗಲಿ, ನಮ್ಮ ಸೊಸೈಟಿಗಳಲ್ಲಾಗಲಿ ಐಎಸ್‌ಐ ಗುರುತಿನ ಖಾದಿ ಧ್ವಜವನ್ನೇ ತರಿಸೋಣ. ಅದೂ ಜುಲೈ ಕೊನೆಗಲ್ಲ, ಏಪ್ರಿಲ್‌ನಲ್ಲೇ ಆರ್ಡರ್ ಕೊಟ್ಟರೆ ಬೇಡಿಕೆಯಿಲ್ಲದ ತಿಂಗಳಲ್ಲೂ ಮಗ್ಗ ನಡೆದೀತು.