ಬಚ್ಚಲ ತನಕದ ಹಾದಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಅಜ್ಜಿ ಬಿದ್ದ ಸುದ್ದಿ ಓಣಿಯಲ್ಲಿ ಎರಡೇ ಮಾತಿನಲ್ಲಿ ಹಬ್ಬುತ್ತದೆ: ‘ಟೊಂಕ ಮುರೀತು, ಹಾಸಿಗಿ ಹಿಡದಳು.’ ಈ ಎರಡು ಮಾತುಗಳ ನಡುವೆ ಏನೇನು ನಡೆಯುತ್ತದೆ ಎಂದು ತಿಳಿಯಲು ವೈದ್ಯಶಾಸ್ತ್ರಕ್ಕೆ ದಶಕಗಳೇ ಹಿಡಿದವು.

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿದ್ದ ವೈದ್ಯ ಜೆ. ಎಚ್. ಶೆಲ್ಡನ್ 202 ಮಂದಿ ವೃದ್ಧರು 500 ಸಲ ಬಿದ್ದದ್ದನ್ನು ಒಂದೊಂದಾಗಿ ಕೆದಕಿ, 1960ರಲ್ಲಿ ಪ್ರಕಟಿಸಿದರು. ಎಡವಿದ್ದು ಬೇರೆ, ತಲೆ ತಿರುಗಿದ್ದು ಬೇರೆ, ನಿಂತಲ್ಲೇ ಕಾಲು ಸೋತದ್ದು ಬೇರೆ ಎಂದಾಯಿತು. ‘ವಯಸ್ಸಾತು, ಬೀಳೂದ’ ಎಂಬ ಒಂದೇ ಉತ್ತರ ಅಲ್ಲಿಗೆ ಸಾಲದಾಯಿತು.

1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಸ್ವಾವಲಂಬನೆಗೇ ಅಳತೆಗೋಲು ಕೊಟ್ಟರು. ಜಳಕ, ಉಡುಗೆ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಇವು ಆರು. ಟೊಂಕ ಮುರಿದವರನ್ನು ನೋಡಿಯೇ ಹುಟ್ಟಿದ ಪಟ್ಟಿ ಇದು. ಚೇತರಿಸಿಕೊಳ್ಳುವಾಗ ಉಣ್ಣುವುದು ಮೊದಲು ಮರಳುತ್ತದೆ, ಜಳಕ ಕೊನೆಗೆ. ಮಗು ಕಲಿಯುವ ಕ್ರಮವೂ ಹೆಚ್ಚುಕಡಿಮೆ ಇದೇ. ಜಾರುವ ಜಾಗವೂ ಬಚ್ಚಲೇ ಅಲ್ಲವೇ! ಸಗಣಿ ಸಾರಿಸಿದ ನೆಲ ಹೋಗಿ ಶಹಾಬಾದ ಫರಸಿ ಬಂತು, ಅದರ ಮೇಲೆ ಈಗ ಮಿರುಗುವ ಟೈಲ್ಸ್. ಸಾಬೂನಿನ ನೀರು ಬಿದ್ದರೆ ತುಂಬಿದ ತಂಬಿಗೆ ಹಿಡಿದ ಎಳೆಯರೇ ತೂರಾಡುತ್ತಾರೆ.

ಮೂಳೆ ಮುರಿಯದಿದ್ದರೂ ಸ್ವಾತಂತ್ರ್ಯ ಮುರಿಯಬಹುದು. ಒಮ್ಮೆ ಬಿದ್ದವರು ಗೋಡೆ, ಕುರ್ಚಿ ಹಿಡಿದೇ ನಡೆಯುವ ಅಂಜಿಕೆಯನ್ನು ಸಂಶೋಧಕರಾದ ಮರ್ಫಿ ಮತ್ತು ಐಸಾಕ್ಸ್ 1982ರಲ್ಲಿ ಒಂದು ಲಕ್ಷಣಕೂಟವೆಂದೇ ಗುರುತಿಸಿದರು. ಅಂಜಿ ಕೂತರೆ ತೊಡೆ ಸೋಲುತ್ತದೆ, ತೊಡೆ ಸೋತರೆ ಮತ್ತೆ ಬೀಳುತ್ತಾರೆ. ‘ನೀ ಏಳಬ್ಯಾಡವ್ವಾ, ಕೂತಲ್ಲೇ ಕೊಡತೀನಿ’ ಎನ್ನುವ ಸೊಸೆಯ ಪ್ರೀತಿಯೂ ಇದಕ್ಕೆ ಕೈಜೋಡಿಸುತ್ತದೆ.

ತಿರುವು ಬಂದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟ್ಟಿಯವರಿಂದ. 75 ದಾಟಿದ 336 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿದ ಅವರ 1988ರ ವರದಿಯಲ್ಲಿ, ಅಪಾಯದ ಅಂಶ ಒಂದೂ ಇಲ್ಲದವರಲ್ಲಿ ಬಿದ್ದವರು ಶೇ. 8, ನಾಲ್ಕೋ ಹೆಚ್ಚೋ ಇದ್ದವರಲ್ಲಿ ಶೇ. 78. ನಿದ್ದೆಗುಳಿಗೆ, ಕಾಲಿನ ನಿಶ್ಶಕ್ತಿ, ಪಾದದ ತೊಂದರೆ ಕೂಡಿಕೊಂಡು ಬೀಳಿಸುತ್ತವೆ. ಗುಳಿಗೆ ಸರಿಪಡಿಸಿ ವ್ಯಾಯಾಮ ಕಲಿಸಿದಾಗ ಬೀಳುವವರು ಕಡಿಮೆಯಾದದ್ದನ್ನು 1994ರಲ್ಲಿ ಅವರ ತಂಡವೇ ತೋರಿಸಿತು.

ಓಡಾಟದ ಶಕ್ತಿ ಅಳೆಯಲು, ಕುರ್ಚಿಯಿಂದೆದ್ದು ಮೂರು ಮೀಟರು ನಡೆದು, ತಿರುಗಿ ಬಂದು ಕೂರುವ ಪರೀಕ್ಷೆ 1991ರದು. ಸುಲಭ, ಅಗ್ಗ. ಆದರೆ ಪಡಸಾಲೆಯ ಜಮಖಾನೆಯಿಂದ ಮೊಣಕಾಲಿಗೆ ಕೈಯೂರಿ ಏಳುವವರ ಕಷ್ಟ ಕುರ್ಚಿಗೆ ಹೇಗೆ ತಿಳಿಯಬೇಕು?

ಭಾರತದಲ್ಲಿ ವೃದ್ಧವೈದ್ಯಕ್ಕೆ ಪ್ರತ್ಯೇಕ ವಿಭಾಗ ಕಟ್ಟಿದವರು ಮದ್ರಾಸಿನ ವೈದ್ಯ ವಿ. ಎಸ್. ನಟರಾಜನ್, 1978ರಲ್ಲಿ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಬರಲು 2010 ಆಗಬೇಕಾಯಿತು. ಇನ್ನು ಬೆಳಕಿನ ಮಾತು: ಹುಕ್ಕೇರಿಗೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಬಂದದ್ದು 1969ರಲ್ಲಿ. ಕತ್ತಲಲ್ಲಿ ಎಡವದಂತೆ ಹಿತ್ತಲಿನ ಬಚ್ಚಲ ಹಾದಿಗೊಂದು ಬಲ್ಬು ಹಾಕಿಸುವುದು ಮಾತ್ರ ಇಂದಿಗೂ ಮನೆಯವರ ನೆನಪಿಗೆ ಬಿಟ್ಟದ್ದು.

2017ರಲ್ಲಿ ಶುರುವಾದ ವಯೋಶ್ರೀ ಯೋಜನೆ ಬಡ ಹಿರಿಯರಿಗೆ ಊರುಗೋಲು, ವಾಕರ್ ಕೊಡುತ್ತದೆ. ಕೋಲಿನ ತುದಿಯ ರಬ್ಬರು ಸವೆದರೆ ಒದ್ದೆ ಟೈಲ್ಸಿನ ಮೇಲೆ ಕೋಲೇ ಮೊದಲು ಜಾರುತ್ತದೆ.