ಬಂದೂಕಿನ ಮೇಲಿನ ಅಂಕಿಗಳು

ಸೈನ್ಯ ಬಳಸಿ ಮಾರಿದ ಹಳೆಯ ಬಂದೂಕುಗಳನ್ನು ಸಂಗ್ರಹಿಸುವ ಹವ್ಯಾಸ ಅಮೆರಿಕದಲ್ಲಿ ಬಹಳ. ಅಲ್ಲಿಯ ನನ್ನ ಸಹೋದ್ಯೋಗಿಯೊಬ್ಬರ ಬಳಿ ಈಜಿಪ್ಟ್ ಸೇನೆಯ ಮೂರು ರೈಫಲ್‌ಗಳಿವೆ. ಅವುಗಳ ಫೋಟೋಗಳಲ್ಲಿ ನಾನು ಕಂಡದ್ದು ಆ ದೇಶದ ರಾಜಕೀಯ.

ಮೊದಲನೆಯದು ಬೆಲ್ಜಿಯಂನ ಎಫ್‌ಎನ್-49. ದೊರೆ ಫಾರೂಕ್ ಕಾಲದ್ದು, ಮೇಲೆ ಕಿರೀಟದ ಮುದ್ರೆ. ಹೊಳಪಿಗೆಂದು ಯಾರೋ ಉಜ್ಜಿ ಮುದ್ರೆಯನ್ನು ಅರ್ಧ ಸವೆಸಿದ್ದಾರೆ. ಇಂಥವರನ್ನು ಕಂಡರೆ ನನಗೆ ಸಿಟ್ಟು. ದೊರೆಯ ಕಾಲದ್ದೆಂದು ಹೇಳಲು ಇದ್ದ ಗುರುತೇ ಅದು. 1952ರಲ್ಲಿ ಸೇನಾಧಿಕಾರಿಗಳು ಫಾರೂಕನನ್ನು ಪಟ್ಟದಿಂದ ಇಳಿಸಿದರು. ಆಮೇಲಿನದು 'ಹಕೀಮ್'. ಸ್ವೀಡನ್ನಿನಿಂದ ವಿನ್ಯಾಸದ ಜೊತೆಗೆ ಯಂತ್ರಗಳನ್ನೂ ಕೊಂಡು ತಂದು ಈಜಿಪ್ಟಿನಲ್ಲೇ ತಯಾರಿಸಿದ್ದು. ಎರಡಕ್ಕೂ ಜರ್ಮನಿಯ 7.92 ಮಿ.ಮೀ. ಮೌಸರ್ ಗುಂಡು. ಮೂರನೆಯದಾದ ಪುಟ್ಟ 'ರಶೀದ್'ಗೆ ಮಾತ್ರ ಸೋವಿಯತ್ 7.62 ಮಿ.ಮೀ. ಗುಂಡು. ನೆಹರೂ, ಟಿಟೋ ಜೊತೆ ಅಲಿಪ್ತ ಚಳವಳಿ ಕಟ್ಟಿದವರೆಂದು ನಾವು ಸಮಾಜ ಪಾಠದಲ್ಲಿ ಓದಿದ ನಾಸೆರ್, 1955ರಲ್ಲಿ ಸೋವಿಯತ್ ಬಣದಿಂದ ಶಸ್ತ್ರ ಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದರು. ಪಾಠದಲ್ಲಿ ಇದು ಇದ್ದ ನೆನಪಿಲ್ಲ!

ಕಾಲ ಗುರುತಿಸುವಾಗ ಜನ ಎಡವುವುದು ಅಂಕಿಗಳಲ್ಲಿ. ಅರಬ್ಬೀ ಬರವಣಿಗೆ ಬಲದಿಂದ ಎಡಕ್ಕೆ ಸಾಗಿದರೂ ಸಂಖ್ಯೆಯನ್ನು ನಮ್ಮಂತೆಯೇ ಎಡದಿಂದ ಓದಬೇಕು. ಆ ಅಂಕಿಗಳಿಗೆ ಅರಬರು ಕೊಟ್ಟ ಹೆಸರೇ 'ಹಿಂದೀ ಅಂಕಿ'. ಮೂಲ ನಮ್ಮ ದೇಶದ್ದು. ಆದರೆ ಅವರ ಸೊನ್ನೆ ಬರೀ ಚುಕ್ಕಿ. ಐದು ನಮ್ಮ ಸೊನ್ನೆಯಂತೆ ದುಂಡಗೆ, ಆರು ನೋಡಲು 7ರ ಹಾಗೆ. ಹೀಗಾಗಿ ಉಕ್ಕಿನ ಮೇಲೆ 1956 ಎಂದು ಕೊರೆದಿದ್ದರೆ, ಗೊತ್ತಿಲ್ಲದವರು 1907 ಎಂದು ಓದಿಬಿಡುತ್ತಾರೆ. ಆಗ ಫಾರೂಕ್ ಇನ್ನೂ ಹುಟ್ಟಿಯೇ ಇರಲಿಲ್ಲ.